ಎದುರಾಳಿಯ ವೀರರಿಗೆ ಖಳರ ವೇಷ

1969ರಲ್ಲಿ ಅಮೆರಿಕದ ಮಾರ್ವೆಲ್ ಕಂಪನಿಯ ‘ಅವೆಂಜರ್ಸ್’ ಕಾಮಿಕ್ಸಿನ 69 ಮತ್ತು 70ನೇ ಸಂಚಿಕೆಗಳಲ್ಲಿ ನಾಲ್ವರು ಖಳರು ಕಾಣಿಸಿಕೊಂಡರು. ತಂಡದ ಹೆಸರು ಸ್ಕ್ವಾಡ್ರನ್ ಸಿನಿಸ್ಟರ್. ಆಕಾಶದಲ್ಲಿ ಹಾರುವ ಮಹಾಬಲಶಾಲಿ ಹೈಪೀರಿಯನ್, ಮುಖವಾಡ ತೊಟ್ಟ ಸಿರಿವಂತ ನೈಟ್‌ಹಾಕ್, ಗಾಳಿಗಿಂತ ಮುಂದೆ ಓಡುವ ವಿಜ್ಜರ್, ಬಣ್ಣದ ಬೆಳಕು ಚಿಮ್ಮಿಸುವ ಹರಳಿನ ಒಡೆಯ ಡಾಕ್ಟರ್ ಸ್ಪೆಕ್ಟ್ರಮ್. ಪೈಪೋಟಿಯ ಕಂಪನಿ ಡಿಸಿಯ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್ ಗೊತ್ತಿದ್ದವರಿಗೆ ಇವರು ಯಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ಗೊರೇಬಾಳ, ಸಿಂಧನೂರು ಕಡೆಯ ದೊಡ್ಡಾಟದಲ್ಲಿ ಪಾತ್ರಧಾರಿ ಕುಣಿಯುತ್ತ ಬಂದು ನಿಂತೊಡನೆ ಸಾರಥಿ ಎದುರಾಗಿ ಹೆಸರು, ಊರು, ಬಂದ ಕಾರಣ ಎಲ್ಲ ವಿಚಾರಿಸುತ್ತಾನೆ. ಕಿರೀಟ ನೋಡಿಯೇ ರಾವಣನೆಂದು ಗುರುತಿಸಿದವರಿಗೂ ಆ ಸಂವಾದ ಬೇಕೇ ಬೇಕು. ಇಲ್ಲಿ ಮಾತ್ರ ಸಾರಥಿ ಬಾಯಿ ಮುಚ್ಚಿಕೊಂಡಿರಬೇಕು. ಹೆಸರು ಬಾಯಿಬಿಟ್ಟರೆ ವಕೀಲರು ಬರುತ್ತಾರೆ.

ಇದರ ಹಿಂದೆ ದ್ವೇಷವೇನೂ ಇರಲಿಲ್ಲ. ಕಥೆ ಬರೆದ ರಾಯ್ ಥಾಮಸ್ ಮತ್ತು ಡಿಸಿಯಲ್ಲಿ ‘ಜಸ್ಟೀಸ್ ಲೀಗ್’ ಬರೆಯುತ್ತಿದ್ದ ಡೆನ್ನಿ ಓನೀಲ್ ಹಳೆಯ ಗೆಳೆಯರು, ಇಬ್ಬರೂ ಮಿಸೌರಿ ಕಡೆಯವರು. ನೀನು ನಮ್ಮವರನ್ನು ಅಣಕಿಸು, ನಾನು ನಿಮ್ಮವರನ್ನು ಅಣಕಿಸುತ್ತೇನೆ ಎಂಬ ಒಳ ಒಪ್ಪಂದ. ಥಾಮಸ್ ಢಾಳಾಗಿ ಮಾಡಿದ್ದನ್ನು ಓನೀಲ್ ಎಷ್ಟು ಮೆಲ್ಲಗೆ ಮಾಡಿದರೆಂದರೆ ಹೆಚ್ಚಿನ ಓದುಗರಿಗೆ ಅದು ಗೊತ್ತೇ ಆಗಲಿಲ್ಲ. 1971ರಲ್ಲಿ ಮತ್ತೊಂದು ಸುತ್ತು. ಮಾರ್ವೆಲ್ ಇದೇ ಮಾದರಿಯ ಸಜ್ಜನರ ತಂಡವನ್ನು ಬೇರೊಂದು ಭೂಮಿಯಲ್ಲಿಟ್ಟು ಸ್ಕ್ವಾಡ್ರನ್ ಸುಪ್ರೀಂ ಎಂದಿತು. ಡಿಸಿಯವರು ಅವೆಂಜರ್ಸ್‌ಗಳ ನೆರಳಿನಂಥ ವೀರರನ್ನು ಆಂಗೋರ್ ಎಂಬ ಲೋಕದಲ್ಲಿ ಹುಟ್ಟಿಸಿದರು.

ಚೇಷ್ಟೆಯಾಗಿ ಇದು ಸೊಗಸೇ. ಆದರೆ ಸಿನಿಸ್ಟರ್ ತಂಡದ ಮೊದಲ ಕಥೆಯನ್ನು ಇವತ್ತು ಓದಿದರೆ ಗುರುತು ಹಿಡಿದ ಖುಷಿ ನಾಲ್ಕು ಪುಟಕ್ಕೇ ತೀರಿಹೋಗುತ್ತದೆ. ಗ್ರ್ಯಾಂಡ್‌ಮಾಸ್ಟರ್ ಎಂಬ ಜೂಜುಕೋರ ತನ್ನ ಆಟಕ್ಕೆಂದು ಈ ನಾಲ್ವರನ್ನು ಕಾಯಿಗಳಂತೆ ಇಳಿಸುತ್ತಾನೆ. ಅವರು ಕೇಡಿಗಳಾದದ್ದು ಯಾಕೆ ಎಂದರೆ ಉತ್ತರವಿಲ್ಲ. ಈ ಪರಂಪರೆಯ ಮುಖ್ಯ ದೋಷವೇ ಇದು: ಮೂಲವನ್ನು ಬಲ್ಲವನಿಗೆ ಮಾತ್ರ ರುಚಿ. 1990ರಲ್ಲಿ ಡಿಸಿ ತಂದ ಎಕ್ಸ್‌ಟ್ರೀಮಿಸ್ಟ್ಸ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಮಾರ್ವೆಲ್‌ನ ಖಳರ ನಕಲುಗಳು. ಲಾರ್ಡ್ ಹ್ಯಾವಕ್‌ನಲ್ಲಿ ಡಾಕ್ಟರ್ ಡೂಮ್‌ನನ್ನು, ಡಾಕ್ಟರ್ ಡೈಹಾರ್ಡ್‌ನಲ್ಲಿ ಮ್ಯಾಗ್ನೆಟೊನನ್ನು ಕಾಣಲು ಕಷ್ಟವಿಲ್ಲ. ಕೊನೆಗೆ ನೋಡಿದರೆ ತಂಡದ ಹೆಚ್ಚಿನವರು ಮನರಂಜನಾ ಪಾರ್ಕೊಂದಕ್ಕೆ ಮಾಡಿಸಿದ ಯಂತ್ರದ ಬೊಂಬೆಗಳು! ಲೇಖಕರು ತಮ್ಮ ಕಸುಬಿನ ಬಗ್ಗೆಯೇ ಹೇಳಿಕೊಂಡ ಮಾತೋ ಏನೋ.

ಇನ್ನೊಬ್ಬರ ಮನೆಯ ವೀರನನ್ನೋ ಖಳನನ್ನೋ ತಂದು ಬೇರೆ ಬೆಳಕಿನಲ್ಲಿ ನಿಲ್ಲಿಸುವುದು ಕನ್ನಡಕ್ಕೆ ಹೊಸದಲ್ಲ. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ವಿಮಲಸೂರಿಯ ಜೈನ ದಾರಿ ಹಿಡಿದದ್ದು. ಅಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ. ವಾನರರು ಕೋತಿಗಳಲ್ಲ, ಕಪಿಧ್ವಜದವರು. ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದ ರಾವಣ, ಸೀತೆ ಮೂರ್ಛೆ ಹೋದದ್ದು ಕಂಡು ಒಳಗೇ ಕರಗುತ್ತಾನೆ. ಆದರೂ ಮೊದಲು ಯುದ್ಧದಲ್ಲಿ ಗೆದ್ದು ಆಮೇಲೆ ರಾಮನಿಗೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಆ ‘ಆಮೇಲೆ’ಯೇ ಅವನನ್ನು ತಿನ್ನುತ್ತದೆ. ಬಿ.ಎಂ.ಶ್ರೀ ಅವರು ಅವನಲ್ಲಿ ದುರಂತ ನಾಯಕನನ್ನು ಕಂಡದ್ದು ಸುಮ್ಮನಲ್ಲ. ವಾಲ್ಮೀಕಿಯ ಹೆಸರೇ ಕೇಳದವನಿಗೂ ಈ ರಾವಣ ಮುಟ್ಟುತ್ತಾನೆ. ನಕಲಿನ ತಂಡಗಳಿಗೂ ನಾನು ಇಡುವ ಒರೆಗಲ್ಲು ಇದೇ.

ಮಾರ್ಕ್ ಗ್ರುಯೆನ್‌ವಾಲ್ಡ್ ಬರೆದ ಹನ್ನೆರಡು ಸಂಚಿಕೆಗಳ ‘ಸ್ಕ್ವಾಡ್ರನ್ ಸುಪ್ರೀಂ’ (1985-86) ಆ ಒರೆಗೆ ನಿಲ್ಲುತ್ತದೆ. ಅಲನ್ ಮೂರ್ ಅವರ ‘ವಾಚ್‌ಮೆನ್’ಗಿಂತ ಒಂದು ವರ್ಷ ಮೊದಲೇ ಬಂದದ್ದು. ಹಾಳಾದ ದೇಶವನ್ನು ಸರಿಪಡಿಸುತ್ತೇವೆಂದು ಹೈಪೀರಿಯನ್‌ನ ತಂಡ ಒಂದು ವರ್ಷದ ಮಟ್ಟಿಗೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುತ್ತದೆ. ಅಪರಾಧಿಗಳ ಮನಸ್ಸು ತಿದ್ದುವ ಯಂತ್ರ ಸಿದ್ಧವಾಗುತ್ತದೆ. ತಂಡದ ಗೋಲ್ಡನ್ ಆರ್ಚರ್ ತನ್ನನ್ನು ಮದುವೆಯಾಗಲೊಲ್ಲದ ಲೇಡಿ ಲಾರ್ಕ್‌ಳ ತಲೆಗೇ ಆ ಯಂತ್ರ ತಾಗಿಸುತ್ತಾನೆ. ಅವಳು ಒಲಿಯುತ್ತಾಳೆ, ಎಷ್ಟೆಂದರೆ ಬೆನ್ನು ಬಿಡದೆ ಅಂಟಿಕೊಳ್ಳುತ್ತಾಳೆ. ಬಯಸಿದ್ದು ಸಿಕ್ಕಮೇಲೆ ಅವನಿಗೇ ಅದು ಸಹಿಸಲಾಗುವುದಿಲ್ಲ. ಇಲ್ಲಿ ಅವನು ಡಿಸಿಯ ಗ್ರೀನ್ ಆ್ಯರೋನ ನಕಲು ಎಂಬುದು ಯಾರಿಗೆ ಬೇಕು?

ನೈಟ್‌ಹಾಕ್ ದೇಶದ ಅಧ್ಯಕ್ಷ ಪದವಿ ಬಿಟ್ಟು ಗೆಳೆಯರ ವಿರುದ್ಧ ನಿಲ್ಲುತ್ತಾನೆ. ಮೊದಲ ಸಂಚಿಕೆಯಲ್ಲೇ ಹೈಪೀರಿಯನ್‌ನನ್ನು ಕೊಲ್ಲಬಲ್ಲ ಗುಂಡು ಪಿಸ್ತೂಲಿಗೆ ತುಂಬಿಕೊಂಡು ಬಂದವನು ಹಾರಿಸದೆ ಹಿಂದಿರುಗುತ್ತಾನೆ. ಡಿಸಿ ತನ್ನ ಸೂಪರ್‌ಮ್ಯಾನನನ್ನು ಹೀಗೆ ವರ್ಷವಿಡೀ ಸರ್ವಾಧಿಕಾರಿಯಾಗಿ ಬಿಟ್ಟು ನೋಡುವುದು ಆಗ ಸಾಧ್ಯವಿರಲಿಲ್ಲ; ಅವನ ಚಿತ್ರವಿರುವ ಆಟಿಕೆ, ಅಂಗಿಗಳೂ ಮಾರಾಟವಾಗಬೇಕಲ್ಲ. ನಕಲಿಗೆ ಆ ಹಂಗಿಲ್ಲ, ಅವನು ಕೆಡಬಹುದು, ಸಾಯಲೂಬಹುದು. ಸಂಭಾಷಣೆ ಭಾರ, ಮಾತಿನ ಗುಳ್ಳೆಗಳು ಚಿತ್ರವನ್ನೇ ನುಂಗುತ್ತವೆ, ಇದನ್ನು ಮುಚ್ಚಿಡಬೇಕಿಲ್ಲ. ಗ್ರುಯೆನ್‌ವಾಲ್ಡ್ 1996ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಈ ಪುಸ್ತಕದ ಮುದ್ರಣದ ಶಾಯಿಗೆ ಬೆರೆಸಿದರು. ನಕಲೆಂದು ಶುರುವಾದ ಸರಕಿನ ಮೇಲೆ ಇಷ್ಟು ಜೀವ ಇಟ್ಟವರು ಕಡಿಮೆ.

ಡಿಸಿಯ ಕಡೆ ಇದಕ್ಕೆ ಹತ್ತಿರ ಬರುವುದು 1987ರ ‘ಜಸ್ಟೀಸ್ ಲೀಗ್’ ಕಥೆ. ಆಂಗೋರ್‌ನ ವೀರರು ತಮ್ಮ ಲೋಕ ಅಣುಯುದ್ಧದಲ್ಲಿ ಬೂದಿಯಾದ ಮೇಲೆ ಈ ಭೂಮಿಗೆ ಬಂದು, ಇಲ್ಲಿನ ಅಣ್ವಸ್ತ್ರಗಳನ್ನು ನಾಶಮಾಡಲು ಹೊರಡುತ್ತಾರೆ. ಒಳ್ಳೆಯ ಬೀಜ, ಆದರೆ ಬೆಳೆಯಲು ಬಿಡಲಿಲ್ಲ. 2003ರಲ್ಲಿ ಎರಡೂ ಕಂಪನಿಗಳು ರಾಜಿಯಾಗಿ ಅಸಲಿ ಅವೆಂಜರ್ಸ್ ಮತ್ತು ಜಸ್ಟೀಸ್ ಲೀಗನ್ನು ಒಂದೇ ಕಥೆಯಲ್ಲಿ ತಂದವು. ಜಾರ್ಜ್ ಪೆರೆಜ್ ಅವರ ಚಿತ್ರಗಳು ಕಣ್ಣಿಗೆ ಹಬ್ಬ. ಆದರೂ ಪಾತ್ರಗಳಿಗೆ ಹಿಂದಿನ ಸ್ಥಿತಿಗೇ ಮರಳಬೇಕೆಂಬ ಕರಾರು, ಪುಟ ಮಗುಚುವಾಗಲೆಲ್ಲ ಗೊತ್ತಾಗುತ್ತದೆ. ಅದೇ ವರ್ಷ ಲೇಖಕ ಸ್ಟ್ರಾಝಿನ್‌ಸ್ಕಿ ಹೈಪೀರಿಯನ್‌ನನ್ನು ‘ಸುಪ್ರೀಂ ಪವರ್’ನಲ್ಲಿ ಮತ್ತೆ ಮೊದಲಿನಿಂದ ಬರೆಯಲು ಕೂತರು: ಆಕಾಶದಿಂದ ಬಿದ್ದ ಕೂಸನ್ನು ಈ ಸಲ ರೈತ ದಂಪತಿ ಸಾಕುವುದಿಲ್ಲ, ಸರ್ಕಾರ ಕಿತ್ತುಕೊಂಡು ಹೋಗಿ ಸಾಕುತ್ತದೆ.