ನೆರವು ಕೇಳಿದವರ ಲೆಕ್ಕ

ಅಮೆರಿಕದ ಪದವಿ ಕಾಲೇಜುಗಳಿಗೆ ಸೇರಬಯಸುವವರು ತುಂಬುವ ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿಯಲ್ಲಿ 650 ಪದಗಳ ಪ್ರಬಂಧಕ್ಕೆ ಜಾಗವಿದೆ, ತರಗತಿಯ ಹೊರಗಿನ ಹತ್ತು ಚಟುವಟಿಕೆಗಳ ಪಟ್ಟಿಗೆ ಜಾಗವಿದೆ. ಇವುಗಳ ಜೊತೆಗೆ ಆಯಾ ಕಾಲೇಜು ಪ್ರತ್ಯೇಕವಾಗಿ ಕೇಳುವ ಪ್ರಶ್ನೆಗಳ ನಡುವೆ, ಅರ್ಜಿದಾರರು ಆರ್ಥಿಕ ನೆರವು ಕೋರಲಿದ್ದಾರೆಯೇ ಎಂಬ, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬೇಕಾದ ಒಂದು ಪ್ರಶ್ನೆಯೂ ಸಾಮಾನ್ಯವಾಗಿ ಇರುತ್ತದೆ. ಪ್ರಬಂಧವನ್ನು ತಿಂಗಳುಗಟ್ಟಲೆ ತಿದ್ದಿ ತೀಡುವ ವಿದ್ಯಾರ್ಥಿಗೆ ಈ ಪ್ರಶ್ನೆಗೆ ಉತ್ತರ ಗುರುತಿಸಲು ಕ್ಷಣವೂ ಹಿಡಿಯುವುದಿಲ್ಲ. ಆದರೆ ಅಮೆರಿಕದ ಪ್ರಜೆಯಲ್ಲದ, ಸ್ವಂತ ಹಣದಿಂದ ಅಲ್ಲಿ ಓದಲಾಗದ ವಿದ್ಯಾರ್ಥಿಯ ಪ್ರವೇಶವನ್ನು ತೀರ್ಮಾನಿಸುವಲ್ಲಿ ಆ ಒಂದು ಗುರುತಿನ ಪಾಲು ಎಷ್ಟು ಎಂಬುದನ್ನು ಬಹುಪಾಲು ಕಾಲೇಜುಗಳು ಎಲ್ಲಿಯೂ ಹೇಳುವುದಿಲ್ಲ. ಈ ಪದ್ಧತಿಯ ಗುಣದೋಷಗಳನ್ನು ತೂಗುವವರು ಕಾಲೇಜುಗಳ ಔದಾರ್ಯದ ಜೊತೆಗೆ ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಔದಾರ್ಯ ನಿಜವಾದದ್ದೇ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2024–25ರ ಸಾಲಿನ ಬೋಧನಾ ಶುಲ್ಕ, ಊಟ, ವಸತಿಗಳ ಒಟ್ಟು ವೆಚ್ಚ 82,866 ಡಾಲರ್, ಅಂದರೆ ವರ್ಷಕ್ಕೆ ಸುಮಾರು 70 ಲಕ್ಷ ರೂಪಾಯಿ ಆಗಿತ್ತು. ವೀಸಾ ಮೇಲೆ ಬರುವ ವಿದ್ಯಾರ್ಥಿಗೆ ಅಮೆರಿಕದ ಒಕ್ಕೂಟ ಸರ್ಕಾರದ ಯಾವ ವಿದ್ಯಾರ್ಥಿ ಸಹಾಯಧನವೂ ಸಿಗುವುದಿಲ್ಲವಾದ್ದರಿಂದ, ಕುಟುಂಬ ಭರಿಸಲಾಗದ ಹಣವನ್ನೆಲ್ಲ ಕಾಲೇಜು ತನ್ನ ದತ್ತಿನಿಧಿಯಿಂದಲೇ ಕೊಡಬೇಕು. ಹಾಗೆ ಕೊಡುವ ಕಾಲೇಜುಗಳಲ್ಲಿ ಎರಡು ಬಗೆಯ ನೀತಿಗಳಿವೆ. ಅರ್ಜಿದಾರರ ಹಣದ ಅಗತ್ಯವನ್ನು ನೋಡದೆ ಪ್ರವೇಶ ತೀರ್ಮಾನಿಸಿ, ಆಮೇಲೆ ಅವರಿಗೆ ಬೇಕಾದಷ್ಟು ನೆರವು ಒದಗಿಸುವುದು ಒಂದು. ಇದನ್ನು ನೀಡ್-ಬ್ಲೈಂಡ್ ಎನ್ನುತ್ತಾರೆ. ಪ್ರವೇಶ ತೀರ್ಮಾನಿಸುವ ಹೊತ್ತಿನಲ್ಲೇ ವಿದ್ಯಾರ್ಥಿಗೆ ಎಷ್ಟು ಹಣ ಬೇಕಾದೀತು ಎಂಬುದನ್ನೂ ಒಂದು ಅಂಶವಾಗಿ ತೂಗುವುದು ಇನ್ನೊಂದು; ಇದಕ್ಕೆ ನೀಡ್-ಅವೇರ್ ಎಂದು ಹೆಸರು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಮತ್ತು ಆಮ್ಹರ್ಸ್ಟ್ ಬಹುಕಾಲದಿಂದ ವಿದೇಶಿಯರಿಗೂ ನೀಡ್-ಬ್ಲೈಂಡ್ ನೀತಿಯನ್ನು ಅನ್ವಯಿಸುತ್ತ ಬಂದಿವೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡಿನ್ ಕಾಲೇಜುಗಳು, 2025ರಲ್ಲಿ ಸೇರುವವರಿಂದ ಮೊದಲುಗೊಂಡು ಬ್ರೌನ್ ವಿಶ್ವವಿದ್ಯಾಲಯ ಈ ಸಾಲಿಗೆ ಸೇರಿದವು. ಉಳಿದ ಹೆಸರಾಂತ ಕಾಲೇಜುಗಳಲ್ಲಿ ಹಲವು ತಮ್ಮ ದೇಶದವರಿಗೆ ನೀಡ್-ಬ್ಲೈಂಡ್ ಆಗಿದ್ದರೂ ಹೊರದೇಶದವರಿಗೆ ನೀಡ್-ಅವೇರ್ ಆಗಿಯೇ ಇವೆ.

ನೀಡ್-ಅವೇರ್ ನೀತಿಯನ್ನು ಬರಿಯ ಅನ್ಯಾಯವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಸರಿಯಾದ ವಿಮರ್ಶೆಯಾಗಲಾರದು. ದತ್ತಿನಿಧಿ ಎಷ್ಟೇ ದೊಡ್ಡದಿದ್ದರೂ ವರ್ಷಕ್ಕೆ ಖರ್ಚು ಮಾಡಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ. ಜಗತ್ತಿನ ಮೂಲೆಮೂಲೆಗಳಿಂದ ಬರುವ ಅರ್ಜಿಗಳಿಗೆ ಮಿತಿ ಇರುವುದಿಲ್ಲ. ಕೈಲಾಗದ ಕಾಲೇಜು ಎಲ್ಲರಿಗೂ ಪ್ರವೇಶ ಕೊಟ್ಟು, ನೆರವನ್ನು ಮಾತ್ರ ಅರ್ಧಂಬರ್ಧ ಕೊಟ್ಟರೆ, ಮಗಳಿಗೆ ಸೀಟು ಸಿಕ್ಕಿತೆಂಬ ಸಂತೋಷದಲ್ಲಿ ತಂದೆತಾಯಿ ಹೊಲ ಮಾರುವ, ಮನೆಯನ್ನು ಬ್ಯಾಂಕಿಗೆ ಒತ್ತೆಯಿಡುವ ಪರಿಸ್ಥಿತಿ ಬರುತ್ತದೆ. ಅದಕ್ಕಿಂತ, ಸೇರಿಸಿಕೊಂಡ ಕೆಲವರಿಗಾದರೂ ಪೂರ್ತಿ ನೆರವು ಕೊಡುತ್ತೇವೆಂಬ ಕಾಲೇಜಿನ ನಿಲುವು ಹೆಚ್ಚು ಜವಾಬ್ದಾರಿಯುತವಾದದ್ದು. ನೀಡ್-ಬ್ಲೈಂಡ್ ನೀತಿಯೂ ಶಾಶ್ವತವಾದ ವಾಗ್ದಾನವಲ್ಲವೆಂಬುದಕ್ಕೆ ಇತಿಹಾಸವಿದೆ: 2008ರ ಆರ್ಥಿಕ ಕುಸಿತದ ಬೆನ್ನಲ್ಲೇ, 2010ರಲ್ಲಿ, ವಿಲಿಯಮ್ಸ್ ಕಾಲೇಜು ವಿದೇಶಿಯರಿಗೆ ಈ ನೀತಿಯನ್ನು ಕೈಬಿಟ್ಟಿತು, ಡಾರ್ಟ್‌ಮತ್ 2008ರಲ್ಲಿ ಅದನ್ನು ಜಾರಿಗೆ ತಂದು, 2015ರಲ್ಲಿ ಹಿಂತೆಗೆದುಕೊಂಡು, ದೊಡ್ಡ ದೇಣಿಗೆ ಬಂದ ಮೇಲೆ 2022ರಲ್ಲಿ ಮತ್ತೆ ತಂದಿತು. ಆ ನಡುವಿನ ವರ್ಷಗಳಲ್ಲಿ ಅರ್ಜಿ ಹಾಕಿದ ವಿದ್ಯಾರ್ಥಿಗಳ ಪ್ರತಿಭೆಯೇನೂ ಕುಂದಿರಲಿಲ್ಲ. ಬದಲಾದದ್ದು ಕಾಲೇಜಿನ ಆಯವ್ಯಯ. ಹಣವಿಲ್ಲವೆಂದು ಕಾಲೇಜೊಂದು ನೇರವಾಗಿ ಹೇಳಿದರೆ ಅದನ್ನು ಆಕ್ಷೇಪಿಸುವ ಹಕ್ಕು ಹೊರಗಿನವರಿಗೆ ಹೆಚ್ಚೇನೂ ಇಲ್ಲ.

ಆದರೆ ಆ ನೇರವಾದ ಮಾತು ಬರುವುದಿಲ್ಲ ಎಂಬಲ್ಲೇ ದೋಷವಿರುವುದು. ಅಂಕಗಳು, ಶಿಕ್ಷಕರ ಪತ್ರಗಳು, ಪ್ರಬಂಧ ಎಲ್ಲವನ್ನೂ ಮೆಚ್ಚಿಕೊಂಡ ಪ್ರವೇಶ ಸಮಿತಿ, ವಿದೇಶಿ ನೆರವಿಗೆಂದು ಆ ವರ್ಷ ಇಟ್ಟ ಹಣ ಮುಗಿಯುತ್ತ ಬಂದಾಗ ಒಬ್ಬ ವಿದ್ಯಾರ್ಥಿಯನ್ನು ಕೈಬಿಟ್ಟರೆ, ಆತನಿಗೆ ಹೋಗುವ ಪತ್ರಕ್ಕೂ ಅರ್ಹತೆಯ ಕೊರತೆಯಿಂದ ತಿರಸ್ಕೃತನಾದವನಿಗೆ ಹೋಗುವ ಪತ್ರಕ್ಕೂ ವ್ಯತ್ಯಾಸವಿರುವುದಿಲ್ಲ. ಹದಿನೇಳು ಹದಿನೆಂಟರ ವಯಸ್ಸಿನವರು ಅದನ್ನು ತಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದೇ ಓದಿಕೊಳ್ಳುತ್ತಾರೆ. ಅಂಕಿಅಂಶಗಳಿಂದಲೂ ಇದು ತಿಳಿಯದು. ಅಮೆರಿಕದ ಕಾಲೇಜುಗಳು ಕಾಮನ್ ಡೇಟಾ ಸೆಟ್ ಎಂಬ ಏಕರೂಪದ ನಮೂನೆಯಲ್ಲಿ ವರ್ಷವರ್ಷವೂ ತಮ್ಮ ವಿವರಗಳನ್ನು ಪ್ರಕಟಿಸುತ್ತವೆ; ಅದರ ಎಚ್6 ಎಂಬ ವಿಭಾಗದಲ್ಲಿ ಎಷ್ಟು ಮಂದಿ ವಿದೇಶಿ ಪದವಿ ವಿದ್ಯಾರ್ಥಿಗಳಿಗೆ ನೆರವು ಸಿಕ್ಕಿತು, ಸರಾಸರಿ ಮೊತ್ತವೆಷ್ಟು, ಒಟ್ಟು ಎಷ್ಟು ಖರ್ಚಾಯಿತು ಎಂಬುದಿರುತ್ತದೆ. ನೆರವು ಕೇಳಿದವರು ಎಷ್ಟು ಮಂದಿ, ಅವರಲ್ಲಿ ಪ್ರವೇಶ ಸಿಕ್ಕವರು ಎಷ್ಟು ಮಂದಿ ಎಂಬುದಕ್ಕೆ ಮಾತ್ರ ಕಾಲಮ್ಮೇ ಇಲ್ಲ. ಪಡೆದವರನ್ನು ಎಣಿಸಿ ಕೇಳಿದವರನ್ನು ಬಿಟ್ಟ ಈ ಲೆಕ್ಕವನ್ನು ನೋಡಿದ ಕುಟುಂಬಕ್ಕೆ, ಸರಾಸರಿ 70 ಸಾವಿರ ಡಾಲರ್ ನೆರವು ಕೊಡುವ ಕಾಲೇಜು ಅತ್ಯಂತ ಉದಾರಿಯಂತೆ ಕಾಣಬಹುದು. ಅಲ್ಲಿ ನೆರವು ಕೋರುವವರಿಗೆ ಬಾಗಿಲು ಎಷ್ಟು ಕಿರಿದು ಎಂಬುದು ಆ ಸಂಖ್ಯೆಯಿಂದ ಎಂದಿಗೂ ಗೊತ್ತಾಗುವುದಿಲ್ಲ. ಇಲ್ಲಿನ ಸಿಇಟಿಯಲ್ಲಿ ಪ್ರತಿ ಸುತ್ತಿನ ನಂತರವೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕಾಲೇಜುವಾರು, ಕೋರ್ಸುವಾರು, ಪ್ರವರ್ಗವಾರು ಕಟ್ ಆಫ್ ರ‍್ಯಾಂಕುಗಳನ್ನು ಪ್ರಕಟಿಸುವುದನ್ನು ಕಂಡು ಬೆಳೆದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಲೋಕ. ಸಿಇಟಿ ಒಂದೇ ಬಗೆಯ ಬುದ್ಧಿಶಕ್ತಿಯನ್ನು ಅಳೆಯುತ್ತದೆಂಬ ಟೀಕೆ ನಿಜವೇ ಆದರೂ, ಸೀಟು ತಪ್ಪಿದವರಿಗೆ ಅದು ಏಕೆ ತಪ್ಪಿತೆಂದು ಗೊತ್ತಿರುತ್ತದೆ.

ಅಮೆರಿಕದ ಪ್ರಜೆಗಳಿಗಾದರೆ ಇಂಥ ವಿಷಯದಲ್ಲಿ 2022ರವರೆಗೆ ಕಾನೂನಿನ ಆಸರೆಯಿತ್ತು. 1994ರ ಶಿಕ್ಷಣ ಕಾಯ್ದೆಯೊಂದರ 568ನೆಯ ಸೆಕ್ಷನ್ ಪ್ರಕಾರ, ಪ್ರವೇಶದಲ್ಲಿ ನೀಡ್-ಬ್ಲೈಂಡ್ ಆಗಿರುವ ಕಾಲೇಜುಗಳು ಮಾತ್ರ ನೆರವಿನ ಲೆಕ್ಕಾಚಾರದ ಸೂತ್ರವನ್ನು ಒಟ್ಟಾಗಿ ರೂಪಿಸಿಕೊಳ್ಳಬಹುದಿತ್ತು. ಸ್ಪರ್ಧಾ ಕಾನೂನಿನಿಂದ ಅವುಗಳಿಗೆ ಅಷ್ಟರಮಟ್ಟಿಗೆ ವಿನಾಯಿತಿ ಇತ್ತು. ಹಾಗೆ ಕೂಟ ಕಟ್ಟಿಕೊಂಡಿದ್ದ ಕೆಲವು ವಿಶ್ವವಿದ್ಯಾಲಯಗಳು ಶ್ರೀಮಂತರ ಮಕ್ಕಳಿಗೆ ಮಣೆ ಹಾಕುವ ಮೂಲಕ ಆ ಷರತ್ತನ್ನು ಮುರಿದವೆಂದು 2022ರಲ್ಲಿ ಹಳೆಯ ವಿದ್ಯಾರ್ಥಿಗಳು ಮೊಕದ್ದಮೆ ಹೂಡಿದರು; ತಪ್ಪನ್ನು ಒಪ್ಪಿಕೊಳ್ಳದಿದ್ದರೂ ಹತ್ತು ಸಂಸ್ಥೆಗಳು 2024ರ ಹೊತ್ತಿಗೆ ಒಟ್ಟು 28 ಕೋಟಿ 40 ಲಕ್ಷ ಡಾಲರ್‌ಗಳಿಗೆ ರಾಜಿ ಮಾಡಿಕೊಂಡವು. ತಮ್ಮ ದೇಶದ ವಿದ್ಯಾರ್ಥಿಯ ಮಟ್ಟಿಗೆ, ಹಣವನ್ನು ನೋಡಿದಿರಾ ಎಂಬ ಪ್ರಶ್ನೆಗೆ ಇಂದಲ್ಲ ನಾಳೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದೀತೆಂಬ ಭಯ ಕಾಲೇಜುಗಳಿಗೆ ಇತ್ತು. ಹೊರದೇಶದ ಅರ್ಜಿದಾರರ ಪರವಾಗಿ ಹಾಗೆ ಕೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. 2011ರ ಅಕ್ಟೋಬರ್‌ನಿಂದ ಕಾನೂನು ಕಡ್ಡಾಯಗೊಳಿಸಿದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್, ಅಂದರೆ ನೆರವು ಕಳೆದು ಕುಟುಂಬ ಕಟ್ಟಬೇಕಾದ ಹಣವನ್ನು ಅಂದಾಜಿಸುವ ಸಾಧನ ಕೂಡ ಅಮೆರಿಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡದ್ದು.

ಮೌನದ ಇನ್ನೊಂದು ಬದಿಯಲ್ಲಿ ಕಾಲೇಜುಗಳು ಕುಟುಂಬದಿಂದ ಕೇಳುವ ವಿವರಗಳ ಅಪಾರ ಪಟ್ಟಿ ಇದೆ. ಸಿಎಸ್ಎಸ್ ಪ್ರೊಫೈಲ್ ಎಂಬುದು ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಆರ್ಥಿಕ ವಿವರಗಳ ನಮೂನೆ. ಆದಾಯ, ತೆರಿಗೆ, ಉಳಿತಾಯ, ಸಾಲ, ಮನೆಯ ಬೆಲೆ, ಇತರ ಆಸ್ತಿ ಎಲ್ಲವನ್ನೂ ಅದು ಕೇಳುತ್ತದೆ. ಸಂಬಳದ ಚೀಟಿ ಮತ್ತು ಫಾರ್ಮ್ 16 ಇರುವ ಬೆಂಗಳೂರಿನ ಉದ್ಯೋಗಸ್ಥರಿಗೆ ಇದು ಒಂದು ಸಂಜೆಯ ಕೆಲಸ. ಹಾವೇರಿಯ ಅಥವಾ ರಾಯಚೂರಿನ ಕೃಷಿಕ ಕುಟುಂಬಕ್ಕೆ ಇದರ ಪ್ರತಿ ಸಾಲೂ ತೊಡಕಿನದು. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲದಿರುವುದರಿಂದ ಅನೇಕರ ಬಳಿ ತೆರಿಗೆ ವಿವರಪಟ್ಟಿಯೇ ಇರುವುದಿಲ್ಲ. ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದು ಪೌತಿ ಖಾತೆ ಆಗಿರುವುದಿಲ್ಲ, ಅಣ್ಣತಮ್ಮಂದಿರ ಪಾಲು ಬಾಯಿಮಾತಿನಲ್ಲಿ ಮಾತ್ರ ಆಗಿರುತ್ತದೆ. ಮಳೆ ಕೈಕೊಟ್ಟ ವರ್ಷದ ಆದಾಯಕ್ಕೂ ಬೆಲೆ ಬಂದ ವರ್ಷದ ಆದಾಯಕ್ಕೂ ತಾಳೆ ಇರುವುದಿಲ್ಲ. ತಹಶೀಲ್ದಾರರ ಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರವನ್ನೂ ಪಹಣಿಯನ್ನೂ ಇಂಗ್ಲಿಷಿಗೆ ಭಾಷಾಂತರಿಸಿ ಲಗತ್ತಿಸಿದರೂ, ಮಾರಲಾಗದ ಜಂಟಿ ಜಮೀನಿಗೆ ಆ ಜಿಲ್ಲೆಯ ಮಾರುಕಟ್ಟೆ ಬೆಲೆಯನ್ನು ಬರೆದೊಡನೆ ಆ ಕುಟುಂಬ ಕಾಗದದ ಮೇಲೆ ಶ್ರೀಮಂತವಾಗಿಬಿಡುತ್ತದೆ. ಈ ನಮೂನೆ ಸಲ್ಲಿಸಲು ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿ ಕಾಲೇಜಿಗೆ 16 ಡಾಲರ್ ಶುಲ್ಕವಿದೆ. ವರ್ಷಕ್ಕೆ ಒಂದು ಲಕ್ಷ ಡಾಲರ್‌ವರೆಗಿನ ಆದಾಯವಿರುವ ಅಮೆರಿಕದ ಕುಟುಂಬಗಳಿಗೆ ಅದು ತಾನಾಗಿ ಮನ್ನಾ ಆಗುತ್ತದೆ. ಅದರ ಹತ್ತರಲ್ಲೊಂದು ಭಾಗವೂ ಆದಾಯವಿಲ್ಲದ ಹೊರದೇಶದ ಕುಟುಂಬ ಮಾತ್ರ ಪ್ರತಿ ಕಾಲೇಜಿಗೂ ಬರೆದು ವಿನಾಯಿತಿ ಬೇಡಬೇಕು. ಬಡತನವನ್ನು ಸಾಬೀತುಪಡಿಸಲು ಬಡವರಿಂದಲೇ ಹಣ ಕೇಳುವ ಈ ಏರ್ಪಾಟನ್ನು ಸಮರ್ಥಿಸಲು ಸಾಧ್ಯವೇ ಇಲ್ಲ.

ನೀಡ್-ಬ್ಲೈಂಡ್ ಕಾಲೇಜುಗಳೂ ಇಲ್ಲಿ ಪೂರ್ತಿ ನಿರ್ದೋಷಿಗಳಲ್ಲ, ಏಕೆಂದರೆ ಹಣದ ಪ್ರಶ್ನೆಗೆ ಕಣ್ಣು ಮುಚ್ಚಿದರೂ ಹಣದಿಂದ ರೂಪುಗೊಂಡ ಅರ್ಜಿಗೆ ಅವು ಕಣ್ಣು ಮುಚ್ಚಲಾರವು. ಅರ್ಜಿಯ ಜೊತೆ ಶಾಲೆಯ ಕೌನ್ಸೆಲರ್ ಬರೆದ ಪತ್ರ, ಶಾಲೆಯ ಪರಿಚಯಪತ್ರ ಮತ್ತು ವರ್ಷದ ನಡುವಿನ ಅಂಕಗಳ ವರದಿ ಹೋಗಬೇಕು. ದುಬಾರಿ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇದಕ್ಕೆಂದೇ ಸಿಬ್ಬಂದಿ ಇರುತ್ತಾರೆ. ಜಿಲ್ಲಾ ಕೇಂದ್ರದ ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಎಂಬ ಹುದ್ದೆಯೇ ಇಲ್ಲದಿರುವುದರಿಂದ, ದ್ವಿತೀಯ ಪಿಯು ಪರೀಕ್ಷೆಯ ಸಿದ್ಧತೆಯ ಗಡಿಬಿಡಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕರೋ ಪ್ರಾಂಶುಪಾಲರೋ ಆ ಪಾತ್ರ ವಹಿಸಬೇಕಾಗುತ್ತದೆ. ಹುಡುಗ ಶಿಸ್ತಿನವನು, ನಡತೆ ಉತ್ತಮ ಎಂದು ಅವರು ಪ್ರಾಮಾಣಿಕವಾಗಿ ಬರೆದ ನಾಲ್ಕು ಸಾಲು, ವೃತ್ತಿಪರ ಕೌನ್ಸೆಲರ್ ಬರೆದ ಎರಡು ಪುಟದ ವ್ಯಕ್ತಿಚಿತ್ರದ ಪಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯ ಎಜುಕೇಷನ್ ಯುಎಸ್ಎ ಕೇಂದ್ರಗಳು ಉಚಿತ ಸಲಹೆ ಕೊಡುತ್ತವೆ, ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ಆದರೆ ಸಲಹೆಗಾರರು ಶಾಲೆಯ ಪತ್ರವನ್ನು ಬರೆದುಕೊಡಲಾರರು.

ಮೌನದ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ನವೆಂಬರ್ ಆರಂಭದೊಳಗೆ ಒಂದೇ ಕಾಲೇಜಿಗೆ ಅರ್ಜಿ ಹಾಕಿ, ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂದು ಬರೆದುಕೊಡುವ ಪದ್ಧತಿಯಲ್ಲಿ. ನೆರವು ಸಾಲದಿದ್ದರೆ ಈ ಒಪ್ಪಂದದಿಂದ ಬಿಡುಗಡೆ ಕೇಳಬಹುದಾದರೂ, ಅಷ್ಟು ಹೊತ್ತಿಗೆ ಆ ವರ್ಷದ ಅತ್ಯಮೂಲ್ಯ ಅವಕಾಶ ಖರ್ಚಾಗಿರುತ್ತದೆ. ಎಲ್ಲಿ ನೆರವಿನ ಕೋರಿಕೆ ತಮಗೆ ತೊಡಕಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ತಿಳಿಯದೆ ವಿದ್ಯಾರ್ಥಿಗಳು ಊಹೆಯ ಮೇಲೆ ಆ ಒಂದು ಕಾಲೇಜನ್ನು ಆರಿಸಬೇಕಾಗುತ್ತದೆ. ಇದಕ್ಕಿಂತ ಕೆಟ್ಟದ್ದು, ನೆರವು ಬೇಡವೆಂದು ಬರೆದು ಒಳಗೆ ಸೇರಿಕೊಂಡು ಆಮೇಲೆ ಕೇಳೋಣವೆಂಬ ಲೆಕ್ಕಾಚಾರ: ಪ್ರವೇಶದ ಸಮಯದಲ್ಲಿ ನೆರವು ಕೋರದ ವಿದೇಶಿಯರಿಗೆ ನಾಲ್ಕು ವರ್ಷವೂ ನೆರವಿಲ್ಲವೆಂಬ ನಿಯಮ ಅನೇಕ ಕಾಲೇಜುಗಳಲ್ಲಿ ಇರುವುದರಿಂದ, ಹಾಗೆ ಹೋದವರು ಎರಡನೆಯ ವರ್ಷದಲ್ಲೇ ಓದು ಬಿಟ್ಟು ಮರಳಬೇಕಾಗಬಹುದು. ನೆರವು ಕೋರಿದ ಮತ್ತು ಕೋರದ ವಿದೇಶಿ ಅರ್ಜಿದಾರರಲ್ಲಿ ಎಷ್ಟೆಷ್ಟು ಮಂದಿಗೆ ಪ್ರವೇಶ ಸಿಕ್ಕಿತೆಂಬ ಎರಡು ಸಂಖ್ಯೆಗಳನ್ನು ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಈ ಊಹಾಪೋಹದ ಬಹುಭಾಗ ನಿಲ್ಲುತ್ತದೆ. ಮೊದಲು ಪ್ರಕಟಿಸಬೇಕಾದವು ನೀಡ್-ಬ್ಲೈಂಡ್ ಎಂದು ಘೋಷಿಸಿಕೊಂಡ ಕಾಲೇಜುಗಳೇ. ಹಣವನ್ನು ನೋಡುವುದಿಲ್ಲವೆನ್ನುವ ಅವುಗಳಿಗೆ ಆ ಎರಡು ಸಂಖ್ಯೆಗಳನ್ನು ತೋರಿಸಲು ಹಿಂಜರಿಯುವ ಕಾರಣವೇ ಇರಬಾರದು, ಮತ್ತು ಅವು ತೋರಿಸಿದ ಮೇಲೆ ಉಳಿದವು ಬಚ್ಚಿಡುವುದು ಕಷ್ಟವಾಗುತ್ತದೆ.