ಶಿಬಿರದ ಸೇತುವೆ, ಊರಿನ ಕಾಲುಸಂಕ

ಎರಡು ಬಿದಿರು ಅಡ್ಡಡ್ಡ ಇಟ್ಟು, ಹಗ್ಗ ಸುತ್ತಿ ಸ್ಕೌಟ್ ಹುಡುಗ ಸ್ಕ್ವೇರ್ ಲ್ಯಾಶಿಂಗ್ ಬಿಗಿಯುತ್ತಾನೆ. ಪರೀಕ್ಷಕರು ಒಮ್ಮೆ ಜಗ್ಗಿ ನೋಡಿ ಸಹಿ ಹಾಕುತ್ತಾರೆ. ಮರುಗಳಿಗೆಗೆ ಹಗ್ಗ ಬಿಚ್ಚಿ ಮುಂದಿನವನ ಕೈ ಸೇರುತ್ತದೆ. ಪದಕ ಗಳಿಸುವ ಬಗೆ ಹೆಚ್ಚುಕಡಿಮೆ ಹೀಗೆ. ಬೆಂಗಳೂರಿನ ಮೈದಾನದಲ್ಲಾದರೆ ಇರಲಿ ಬಿಡಿ ಎನ್ನಬಹುದು, ಅಲ್ಲಿ ದಾಟಬೇಕಾದ ಹಳ್ಳವೇ ಇಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದಲ್ಲಿ ಹಾಗೆನ್ನಲಾಗದು. ಮಳೆ ಹಿಡಿಯಿತೆಂದರೆ ಇಲ್ಲಿ ಎಷ್ಟೋ ಮಕ್ಕಳಿಗೆ ಶಾಲೆಯ ದಾರಿ ಕಾಲುಸಂಕದ ಮೇಲೆಯೇ. 2022ರ ಆಗಸ್ಟ್‌ನಲ್ಲಿ ಘಟ್ಟದ ಕೆಳಗೆ, ಬೈಂದೂರು ತಾಲ್ಲೂಕಿನಲ್ಲಿ, ಎರಡನೇ ತರಗತಿಯ ಬಾಲಕಿಯೊಬ್ಬಳು ಇಂಥದೇ ಸಂಕದಿಂದ ಜಾರಿ ನೀರುಪಾಲಾದಳು. ಮೇ ತಿಂಗಳಲ್ಲಿ ಹಿರಿಯರ ಜೊತೆ ಹೋಗಿ ನಿಮ್ಮೂರ ಸಂಕದ ಕಟ್ಟು ನೋಡಿ, ಕೈಹಿಡಿಗೆ ಹಗ್ಗ ಬಿಗಿದು ಬಾ, ಮಳೆಗಾಲ ಕಳೆದ ಮೇಲೆ ಅದು ಉಳಿದಿದ್ದರೆ ಪದಕ ಎಂದು ಹೇಳುವ ಪರೀಕ್ಷಕರನ್ನು ನಾನಂತೂ ಕಂಡಿಲ್ಲ.

ಪಠ್ಯಕ್ರಮವನ್ನು ದೂರುವ ಉದ್ದೇಶ ನನಗಿಲ್ಲ. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅಲ್ಲಿಂದ ರಾಜ್ಯ ಪುರಸ್ಕಾರ, ತುದಿಗೆ ರಾಷ್ಟ್ರಪತಿ ಪುರಸ್ಕಾರ. ನಡುನಡುವೆ ಅಡುಗೆ, ಪ್ರಥಮ ಚಿಕಿತ್ಸೆ, ದಾರಿ ಹುಡುಕುವುದು, ಪ್ರಕೃತಿ ವೀಕ್ಷಣೆ ಮುಂತಾದ ಪ್ರಾವೀಣ್ಯತಾ ಪದಕಗಳು. ಇದನ್ನೆಲ್ಲ ಯಾರೋ ಮಲೆನಾಡನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದಂತಿದೆ. ಎರಡು ಗಳು, ಒಂದು ಕಂಬಳಿಯಿಂದ ಸ್ಟ್ರೆಚರ್ ಮಾಡುವುದನ್ನೇ ನೋಡಿ. ರಸ್ತೆಯಿಲ್ಲದ ಮನೆಗಳಿಂದ ಕಾಯಿಲೆಯವರನ್ನು ಜೋಳಿಗೆಯಲ್ಲಿ ಹೊತ್ತು ತರುವುದು ಮಲೆನಾಡಿನಲ್ಲಿ ಇಂದಿಗೂ ನಿಂತಿಲ್ಲ. ಶಿಬಿರದಲ್ಲಿ ಮಾತ್ರ ರೋಗಿಯಾಗಿ ಮಲಗುವವನು ತಂಡದ ಅತಿ ಸಣಕಲ ಹುಡುಗ, ಹೊರುವ ದೂರ ಧ್ವಜಸ್ತಂಭದಿಂದ ಜಗಲಿಯವರೆಗೆ. ಏರುದಾರಿಯಲ್ಲಿ ತಲೆ ಯಾವ ಕಡೆ ಇರಬೇಕು, ಜಾರುವ ಮಣ್ಣಿನಲ್ಲಿ ನಾಲ್ವರ ಹೆಜ್ಜೆ ಹೇಗೆ ಕೂಡಬೇಕು ಎಂಬುದು ಅಲ್ಲಿ ಗೊತ್ತಾಗುವುದೇ ಇಲ್ಲ.

ಮಗು ಮುಟ್ಟಿದ ಮಟ್ಟಕ್ಕಿಂತ ಅದು ಪಟ್ಟ ಶ್ರಮವನ್ನು ನೋಡಿ ಪದಕ ಕೊಡಬೇಕೆಂಬುದು ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ನಿಲುವು. ಹಿಂಜರಿಯುವ ಮಗುವನ್ನು ಒಳಗೆಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಪ್ರಥಮ ಚಿಕಿತ್ಸೆಗೂ ಇದೇ ಉದಾರತೆಯನ್ನು ಹಿಗ್ಗಿಸಿದರೆ ನನ್ನ ತಕರಾರಿದೆ. ರಕ್ತ ನಿಲ್ಲಿಸುವ ಪಟ್ಟಿಯನ್ನು ಶ್ರಮಪಟ್ಟು ತಪ್ಪಾಗಿ ಕಟ್ಟಿದರೆ ರಕ್ತ ನಿಲ್ಲುವುದಿಲ್ಲ.

ಪ್ರಕೃತಿ ವೀಕ್ಷಣೆಯ ಪದಕದ ಕಥೆ ಇನ್ನೂ ಬೇಸರದ್ದು. ಒಣ ಎಲೆ ಅಂಟಿಸಿದ, ಹಕ್ಕಿಯ ಚಿತ್ರ ಕತ್ತರಿಸಿ ಹಚ್ಚಿದ, ಬಣ್ಣದ ಅಂಚು ಬರೆದ ಲಾಗ್‌ಬುಕ್‌ಗಳು ಒಂದರಂತೆ ಇನ್ನೊಂದು. ಅಕ್ಷರ ಕೆಲವೊಮ್ಮೆ ಅಕ್ಕನದು. ಈ ಮೂರು ತಾಲ್ಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಈಚೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಹಿತ್ತಲಿನ ಹತ್ತು ಮರಗಳನ್ನು ಒಂದು ವರ್ಷ ನೋಡಿ, ಯಾವ ಸೋಗೆ ಯಾವಾಗ ಹಳದಿಗೆ ತಿರುಗಿತು ಎಂದು ಬರೆದಿಟ್ಟ ಪುಸ್ತಕ ಬಂದರೆ ಅದಕ್ಕೆ ಅಂಚಿನ ಬಣ್ಣ ಬೇಕಿಲ್ಲ. ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ರೋಗ ಈಗ ಈ ಕಾಡುಗಳಿಗೂ ಪರಿಚಿತ. ಉಣುಗಿನಿಂದ ಹರಡುವ ಈ ಜ್ವರ ಹೆಚ್ಚುವುದು ಚಳಿಗಾಲ, ಬೇಸಿಗೆಯಲ್ಲಿ. ಮಕ್ಕಳನ್ನು ಹೈಕ್‌ಗೆ ಕಾಡುದಾರಿಯಲ್ಲಿ ಕರೆದೊಯ್ಯುವ ಕಾಲವೂ ಅದೇ. ಸತ್ತ ಮಂಗ ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು, ಕಾಡಿನಿಂದ ಬಂದ ಮೇಲೆ ಮೈಯಲ್ಲಿ ಎಲ್ಲೆಲ್ಲಿ ಉಣುಗು ಹುಡುಕಬೇಕು ಎಂದು ತಿಳಿಯದ ಹುಡುಗನ ತೋಳಿನಲ್ಲಿ ಆ ಪದಕವಿದ್ದರೆ ಅದು ಬರೀ ಬಟ್ಟೆಯ ತುಂಡು.

ಹೀಗಾಗಲು ಶಿಕ್ಷಕರೊಬ್ಬರೇ ಕಾರಣರಲ್ಲ. ಗಣಿತ ಕಲಿಸಿ, ಬಿಸಿಯೂಟದ ಲೆಕ್ಕ ಬರೆದು, ಉಳಿದ ಸಮಯದಲ್ಲಿ ಅವರು ಸ್ಕೌಟ್ ಮಾಸ್ಟರ್ ಆಗಬೇಕು. ಪೋಷಕರ ಕಣ್ಣು ಪ್ರಮಾಣಪತ್ರದ ಮೇಲೆ. ಸಿಇಟಿಯ ವಿಶೇಷ ಪ್ರವರ್ಗಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಇದೆ, ರೈಲ್ವೆ ನೇಮಕಾತಿಯಲ್ಲೂ ಕೋಟಾ ಇದೆ. ಆಸೆಪಡುವುದು ತಪ್ಪಲ್ಲ. ಆದರೆ ಕಾಗದಕ್ಕೆ ಬೆಲೆ ಬಂದಷ್ಟೂ ಪರೀಕ್ಷಕರಿಗೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ.

ಒಂದು ಪದಕವನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಅಡುಗೆಯದು. ಮನೆಯಲ್ಲಿ ಲೋಟವನ್ನೂ ಎತ್ತಿಡದ ಹುಡುಗ ಇಲ್ಲಿ ಹಸಿ ಸೌದೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಅನ್ನ ಬೇಯಿಸಲೇಬೇಕು. ಅನ್ನ ಸೀದರೆ ತಂಡವೆಲ್ಲ ಅದನ್ನೇ ಉಣ್ಣಬೇಕು, ಯಾವ ಸಹಿಯೂ ಅದನ್ನು ಮುಚ್ಚದು.

ಉಳಿದ ಪರೀಕ್ಷೆಗಳಿಗೂ ಅಷ್ಟು ಖಾರ ಬೇಕು. ಆಯಾ ವಿದ್ಯೆ ಬಲ್ಲವರೇ ಪದಕ ಪರೀಕ್ಷಿಸಬೇಕೆಂಬುದು ಈ ಪದ್ಧತಿಯ ಹಳೆಯ ತತ್ವ. ಗಂಟಿನ ಪರೀಕ್ಷೆಗೆ ಅಡಿಕೆ ಕೊನೆ ತೆಗೆಯುವವರನ್ನು ಕೂರಿಸಿ, ಹಗ್ಗದ ಮೇಲೆ ಜೀವವಿಟ್ಟು ದುಡಿಯುವವರು ಅವರು. ಪ್ರಥಮ ಚಿಕಿತ್ಸೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿ ಬರಲಿ. ಮೊದಲ ವರ್ಷ ಬಹಳಷ್ಟು ಲಾಗ್‌ಬುಕ್‌ಗಳು ಸಹಿಯಿಲ್ಲದೆ ವಾಪಸು ಹೋಗುತ್ತವೆ, ಪೋಷಕರು ಗೊಣಗುತ್ತಾರೆ. ಗೊಣಗಲಿ.