ಹಳೆಯ ಪೋಯಾಕ್‌ಗೆ ಗಾಳಿ ಬೇಡ

ಹಳೆಯ ಬೋರ್ಡೋ ವೈನನ್ನು ಊಟಕ್ಕೆ ತಾಸುಗಟ್ಟಲೆ ಮುಂಚೆ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದು ‘ಉಸಿರಾಡಲು’ ಬಿಡುವವರ ಜೊತೆ ನನ್ನ ತಕರಾರು ಇನ್ನೂ ಮುಗಿದಿಲ್ಲ.

ಬೋರ್ಡೋದ ವೈನ್ ವಿಜ್ಞಾನಿ ಎಮಿಲ್ ಪೇನೋ 1980ರಲ್ಲಿ ಪ್ರಕಟಿಸಿದ ‘ಲ ಗೂ ದ್ಯು ವ್ಯಾಂ’ (ವೈನಿನ ರುಚಿ) ನನ್ನ ಪಾಲಿಗೆ ವೈನ್ ಸವಿಯುವ ವಿದ್ಯೆಯ ಮೂಲಗ್ರಂಥ. ಅವರ ವಾದ ನೇರ. ಗಷ್ಟು ಕೂತ ವೈನನ್ನು ಮಾತ್ರ ಬಸಿಯಬೇಕು, ಅದನ್ನೂ ಬಡಿಸುವ ಹೊತ್ತಿಗೇ ಬಸಿಯಬೇಕು. ಚೆನ್ನಾಗಿರುವ ವೈನಿಗೆ ಆಮ್ಲಜನಕದಿಂದ ಲಾಭವಿಲ್ಲ; ಹೊತ್ತು ಕಳೆದಷ್ಟೂ ಘಮ ಮಸುಕಾಗುತ್ತದೆ. ಗಾಳಿಯಿಂದ ಹೋಗುವಂಥ ದೋಷವಿದ್ದರಷ್ಟೇ ಮುಂಚಿತವಾಗಿ ಬಸಿಯಬಹುದು. ಬರೀ ಬಿರಡೆ ಕಿತ್ತು ಬಾಟಲಿಯನ್ನು ಮೇಜಿನ ಮೇಲಿಡುವುದಂತೂ ವ್ಯರ್ಥ. ಕತ್ತಿನೊಳಗೆ ಗಾಳಿಗೆ ಸೋಕುವ ವೈನ್ ಒಂದು ನಾಣ್ಯದಗಲ, ಅಷ್ಟೇ.

ಒಗರು ಇಳಿಯುತ್ತದಲ್ಲ ಎನ್ನುತ್ತಾರೆ. ಎಳೆಯ ಕ್ಯಾಬರ್ನೆ ಸೋವಿನ್ಯೋಂ ವಿಷಯದಲ್ಲಿ ಆ ಮಾತನ್ನು ಸ್ವಲ್ಪ ಒಪ್ಪುತ್ತೇನೆ. ಆದರೆ ಒಗರನ್ನು ನಿಜಕ್ಕೂ ಪಳಗಿಸುವುದು ನೆಲಮಾಳಿಗೆಯ ತಂಪಿನಲ್ಲಿ, ಕತ್ತಲಲ್ಲಿ ಕಳೆಯುವ ವರ್ಷಗಳು. ಒಗರು ಕೊಡುವ ಟ್ಯಾನಿನ್ನೂ ಬಣ್ಣದ ಅಂಶಗಳೂ ಒಂದಕ್ಕೊಂದು ಬೆಸೆದು ಭಾರವಾಗಿ ತಳಕ್ಕಿಳಿಯುತ್ತವೆ. ಕಡುನೇರಳೆ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಹಣ್ಣಿನ ಘಮ ಹಿಂದೆ ಸರಿದು ದೇವದಾರು, ಹೊಗೆಸೊಪ್ಪು, ನೆನೆದ ತರಗೆಲೆಯ ವಾಸನೆ ಮೇಲೇಳುತ್ತದೆ. ಇಷ್ಟನ್ನು ಗಾಜಿನ ಹೂಜಿ ಒಂದು ಸಂಜೆಯಲ್ಲಿ ಮಾಡಲಾರದು.

ವರ್ಷಗಟ್ಟಲೆ ಕಾಯುವ ಈ ಮಾತಿಗೆ ಬೋರ್ಡೋದ ಪೋಯಾಕ್ ಊರಿನ ವೈನ್ ತಯಾರಕರಾದ ಶಾತೋ ಲಾತೂರ್ ನೆನಪಾಗುತ್ತದೆ. ಡಿಕ್ಯಾಂಟರಿನ ಜಗಳಕ್ಕಿಂತ ದೊಡ್ಡ ಸಂಗತಿ ಅದು. ಬೋರ್ಡೋದ ಹೆಸರಾಂತ ಶಾತೋಗಳಲ್ಲಿ ಹೆಚ್ಚಿನವು ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಮುಂಗಡ ಮಾರಿಬಿಡುತ್ತವೆ. 1855ರ ವರ್ಗೀಕರಣದಲ್ಲೇ ಮೊದಲ ದರ್ಜೆ ಪಡೆದ ಲಾತೂರ್, 2012ರಲ್ಲಿ ಈ ಪದ್ಧತಿಗೆ ವಿದಾಯ ಹೇಳಿತು. ಹಾಗೆ ಮಾರಿದ ಕೊನೆಯ ಫಸಲು 2011ರದು. ಅಲ್ಲಿಂದೀಚೆಗೆ, ಹದಕ್ಕೆ ಬಂದಿದೆ ಎಂದು ತಮಗೆ ಅನ್ನಿಸಿದ ಫಸಲನ್ನೇ ತಮ್ಮ ನೆಲಮಾಳಿಗೆಯಿಂದ ಹೊರಬಿಡುತ್ತಾರೆ. ಕಾಯುವ ಹೊಣೆಯನ್ನು ವೈನ್ ಮಾಡಿದವರೇ ಹೊತ್ತದ್ದು ನ್ಯಾಯ. ಕೊಂಡವರ ಕಪಾಟಿನ ಸೆಕೆಯಲ್ಲಿ ಬೆಂದು ಹಾಳಾದ ಒಳ್ಳೆಯ ವೈನ್ ಕಡಿಮೆಯೇನಲ್ಲ.

ಹದವಾಗಿ ಮಾಗಿದ ಹಳೆಯ ಬಾಟಲಿ ನಿಮ್ಮ ಕೈಸೇರಿದ್ದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಬೆಂಗಳೂರಿನ ಏಪ್ರಿಲ್ ತಿಂಗಳ ಕೋಣೆಯ ಬಿಸಿಗೆ ಬಿಡಬೇಡಿ, 17 ಡಿಗ್ರಿಯ ಆಸುಪಾಸಿಗೆ ತಂಪು ಮಾಡಿ. ಅತಿಥಿಗಳು ಕೂತ ಮೇಲೆ ಬಾಟಲಿಯ ಕತ್ತಿನ ಹಿಂದೆ ದೀಪವಿಟ್ಟು ನಿಧಾನ ಬಸಿಯಿರಿ, ಗಷ್ಟಿನ ಎಳೆ ಕಂಡೊಡನೆ ಕೈ ತಡೆಯಿರಿ. ಕೂಡಲೇ ಬಡಿಸಿ. ಮೊದಲ ಘಮ ಅತಿಥಿಗಳ ಲೋಟಕ್ಕೇ ಸಿಗಲಿ.